ಪೆನ್ ಡ್ರೈವಿನಲ್ಲಿ ಎರಡನೆಯ ಆಪರೇಟಿಂಗ್ ಸಿಸ್ಟಮ್

ಗಣಕಯಂತ್ರವೂ ಅದನ್ನು ನಡೆಸುವ ಆಪರೇಟಿಂಗ್ ಸಿಸ್ಟಮೂ ಒಂದೇ ಎಂದು ಭಾವಿಸುವವರು ಅನೇಕರು. ಯಂತ್ರದೊಡನೆಯೇ ವಿಂಡೋಸ್ ಬರುವುದರಿಂದ ಈ ಭಾವನೆ ಸಹಜವಾದುದೇ. ಆದರೆ ಇವೆರಡೂ ಬೇರೆ ಬೇರೆ. ಒಂದು ಪೆನ್ ಡ್ರೈವಿನಿಂದ ಲಿನಕ್ಸನ್ನು ನಡೆಸಿ ನೋಡಿದರೆ ಈ ಮಾತು ಪ್ರತ್ಯಕ್ಷವಾಗುತ್ತದೆ.

ಗುಂಡಿಯನ್ನು ಒತ್ತಿದೊಡನೆ ಮೊದಲು ಎಚ್ಚರಗೊಳ್ಳುವುದು ವಿಂಡೋಸ್ ಅಲ್ಲ. ಮದರ್‌ಬೋರ್ಡಿನ ಚಿಪ್ಪಿನಲ್ಲಿ ನೆಲೆಸಿರುವ ಒಂದು ಚಿಕ್ಕ ಪ್ರೋಗ್ರಾಮು. ಹಳೆಯ ಯಂತ್ರಗಳಲ್ಲಿ ಇದಕ್ಕೆ ಬಯಾಸ್ ಎಂದೂ ಹೊಸವುಗಳಲ್ಲಿ ಯು.ಇ.ಎಫ್.ಐ. ಎಂದೂ ಹೆಸರು. ಆಪರೇಟಿಂಗ್ ಸಿಸ್ಟಮ್ ಎಲ್ಲಿದೆಯೆಂದು ಇದು ಗೊತ್ತುಪಡಿಸಿದ ಕ್ರಮದಲ್ಲಿ ಹುಡುಕುತ್ತದೆ. ಆ ಕ್ರಮದಲ್ಲಿ ಪೆನ್ ಡ್ರೈವಿಗೆ ಮೊದಲ ಸ್ಥಾನ ಕೊಟ್ಟರೆ, ಅಲ್ಲಿರುವ ಲಿನಕ್ಸ್ ರ‍್ಯಾಮಿಗೆ ಬಂದು ಯಂತ್ರದ ಆಡಳಿತವನ್ನು ವಹಿಸಿಕೊಳ್ಳುತ್ತದೆ. ಒಳಗಿನ ಹಾರ್ಡ್ ಡಿಸ್ಕಿನಲ್ಲಿ ವಿಂಡೋಸ್ ನಿದ್ರಿಸುತ್ತಲೇ ಇರುತ್ತದೆ.

ನಾಟಕ ಕಂಪೆನಿಯೊಂದು ಊರ ಬಯಲಿನಲ್ಲಿ ಡೇರೆ ಹಾಕಿ, ಪರದೆ ಕಟ್ಟಿ, ಆಟವಾಡಿ ಹೊರಟುಹೋದರೆ ಬಯಲು ಮೊದಲಿನಂತೆಯೇ ಉಳಿಯುವುದಷ್ಟೆ? ಇದೂ ಹಾಗೆಯೇ. ಡ್ರೈವಿನಲ್ಲಿರುವ ಮೂಲ ಪ್ರತಿಯನ್ನು ಓದಲು ಮಾತ್ರ ಬಳಸಿ, ನಾವು ಮಾಡುವ ಬದಲಾವಣೆಗಳನ್ನೆಲ್ಲ ರ‍್ಯಾಮಿನಲ್ಲಿ ಇಡಲಾಗುತ್ತದೆ. ವಿದ್ಯುತ್ತು ನಿಂತೊಡನೆ ಅವು ಅಳಿಸಿಹೋಗುತ್ತವೆ. ನಮ್ಮ ಕಡತಗಳು ಉಳಿಯಬೇಕಾದರೆ ಪೆನ್ ಡ್ರೈವಿನಲ್ಲಿಯೇ ಒಂದು ಭಾಗವನ್ನು ಅವುಗಳಿಗಾಗಿ ಮೀಸಲಿಡಬೇಕು.

ಹಂಚಿಕೊಂಡ ಯಂತ್ರದಲ್ಲಿ ತನ್ನದನ್ನು ತಾನೇ ಒಯ್ಯುವ ಈ ಕಲ್ಪನೆ ಕರ್ನಾಟಕಕ್ಕೆ ಹೊಸತಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಎನ್‌ಕೋರ್ ಸಂಸ್ಥೆಯೊಡನೆ ಸೇರಿ ರೂಪಿಸಿ, ೨೦೦೧ರಲ್ಲಿ ಜನರ ಮುಂದಿಟ್ಟ ಸಿಂಪ್ಯೂಟರ್ ಎಂಬ ಕೈಗಣಕ ಲಿನಕ್ಸಿನಿಂದಲೇ ನಡೆಯುತ್ತಿತ್ತು. ಒಂದೇ ಯಂತ್ರವನ್ನು ಹಳ್ಳಿಯ ಹಲವರು ಬಳಸಿ, ತಂತಮ್ಮ ಮಾಹಿತಿಯನ್ನು ಸ್ಮಾರ್ಟ್ ಕಾರ್ಡಿನಲ್ಲಿ ಇಟ್ಟುಕೊಳ್ಳಬೇಕೆಂಬುದು ಅದರ ಉದ್ದೇಶ. ಆ ಯಂತ್ರ ಮಾರುಕಟ್ಟೆಯಲ್ಲಿ ನಿಲ್ಲಲಿಲ್ಲ; ಕಲ್ಪನೆ ಮಾತ್ರ ಇಂದಿಗೂ ಸಾರ್ಥಕವಾಗಿದೆ.

ನವಲಗುಂದ, ಕುಂದಗೋಳ, ಕಲಘಟಗಿಗಳಂತಹ ಊರುಗಳ ವಿದ್ಯಾರ್ಥಿಗೆ ಇದರಿಂದೇನು? ವಿಂಡೋಸ್ ೧೦ಕ್ಕೆ ಸಾಮಾನ್ಯ ಬೆಂಬಲವು ೨೦೨೫ರ ಅಕ್ಟೋಬರ್ ೧೪ರಂದು ಮುಗಿಯಿತು. ವಿಂಡೋಸ್ ೧೧ಕ್ಕಾದರೋ ೪ ಜಿ.ಬಿ. ರ‍್ಯಾಮಿನೊಡನೆ ಟಿ.ಪಿ.ಎಂ. ೨.೦ ಎಂಬ ಭದ್ರತಾ ಸಾಧನವೂ ಬೇಕು. ಇವಿಲ್ಲದ ಹಳೆಯ ಯಂತ್ರವನ್ನು ಗುಜರಿಗೆ ಹಾಕಬೇಕಾಗಿಲ್ಲ. ಲಿನಕ್ಸ್ ಮಿಂಟಿನಂತಹ ವ್ಯವಸ್ಥೆ ೨ ಜಿ.ಬಿ. ರ‍್ಯಾಮಿನಲ್ಲಿಯೂ ನಡೆಯಬಲ್ಲದು, ಅದಕ್ಕೆ ಹಣ ತೆರಬೇಕಾಗಿಯೂ ಇಲ್ಲ. ವೈಫೈ, ಧ್ವನಿ, ಕನ್ನಡ ಅಕ್ಷರಗಳು ಸರಿಯಾಗಿವೆಯೇ ಎಂದು ಮೊದಲು ಪೆನ್ ಡ್ರೈವಿನಿಂದಲೇ ಪರೀಕ್ಷಿಸಿ, ಆಮೇಲೆ ಡಿಸ್ಕಿನಲ್ಲಿ ಸ್ಥಾಪಿಸಬಹುದು.

ಎಚ್ಚರಿಕೆಗಳೂ ಉಂಟು. ಲಿನಕ್ಸನ್ನು ಪೆನ್ ಡ್ರೈವಿಗೆ ಬರೆಯುವಾಗ ಅದರಲ್ಲಿದ್ದುದೆಲ್ಲವೂ ಅಳಿಸಿಹೋಗುತ್ತದೆ. ಪ್ರಯೋಗದ ವೇಳೆ 'ಇನ್‌ಸ್ಟಾಲ್' ಎಂಬುದನ್ನು ಒತ್ತಿ ಮುಂದುವರಿದರೆ ಹಾರ್ಡ್ ಡಿಸ್ಕಿಗೂ ಅದೇ ಗತಿಯಾದೀತು. ಮತ್ತೊಂದು ಮಾತು: ವಿಂಡೋಸಿಗೆ ಪಾಸ್‌ವರ್ಡ್ ಇದ್ದರೂ, ಗೂಢಲಿಪೀಕರಣ ಮಾಡದ ಡಿಸ್ಕಿನ ಕಡತಗಳನ್ನು ಲಿನಕ್ಸಿನಿಂದ ತೆರೆದು ಓದಬಹುದು. ಪಾಸ್‌ವರ್ಡನ್ನು ಕೇಳುವ ಕಾವಲುಗಾರನೇ ನಿದ್ರಿಸುತ್ತಿರುವನಲ್ಲವೆ! ಆದುದರಿಂದ ಪರರ ಯಂತ್ರದಲ್ಲಿ ಅನುಮತಿಯಿಲ್ಲದೆ ಈ ಪ್ರಯೋಗ ಸಲ್ಲದು. ತನ್ನ ಯಂತ್ರದ ಡಿಸ್ಕಿಗೆ ಗೂಢಲಿಪಿಯ ರಕ್ಷಣೆ ಇದೆಯೇ ಎಂದು ನೋಡಿಕೊಳ್ಳುವುದೂ ಅಷ್ಟೇ ಅಗತ್ಯ.