ಕ್ಯಾಪ್ಟನ್ ನೆಲ್ಸನ್‌ನ ಅಡಿಯಲ್ಲಿ ಅಡಗಿದ ಹುಡುಗ

ಲಂಡನ್ನಿನ ಗ್ರೀನಿಚ್‌ನಲ್ಲಿರುವ ರಾಷ್ಟ್ರೀಯ ಕಡಲ ವಸ್ತುಸಂಗ್ರಹಾಲಯದ ಒಂದು ಭಾವಚಿತ್ರ ಪೂರ್ಣಗೊಳ್ಳಲು ನಾಲ್ಕು ವರ್ಷ ಹಿಡಿಯಿತು. 1777ರಲ್ಲಿ ಜಾನ್ ಫ್ರಾನ್ಸಿಸ್ ರಿಗೊ ಅದನ್ನು ಆರಂಭಿಸಿದಾಗ ಎದುರಿಗಿದ್ದವನು 18ರ ಹರೆಯದ ಲೆಫ್ಟಿನೆಂಟ್ ಹೊರೇಷಿಯೊ ನೆಲ್ಸನ್. 1781ರಲ್ಲಿ ಚಿತ್ರ ಮುಗಿಯುವ ಹೊತ್ತಿಗೆ ಅವನು ಕ್ಯಾಪ್ಟನ್ ಆಗಿದ್ದ. ಚಿತ್ರ ಬರೆಸಿದವನು 'ಲೋಸ್ಟಾಫ್' ಹಡಗಿನ ಕ್ಯಾಪ್ಟನ್ ವಿಲಿಯಂ ಲಾಕರ್, ನೆಲ್ಸನ್‌ನ ಮೇಲಧಿಕಾರಿ, ಬದುಕಿನುದ್ದಕ್ಕೂ ಅವನ ಹಿತೈಷಿ.

ಆ ಎಳೆಯ ಲೆಫ್ಟಿನೆಂಟ್ ಅಷ್ಟರಲ್ಲೇ ಭಾರತದ ಕಡಲನ್ನು ಕಂಡು ಬಂದಿದ್ದ. 1775ರಲ್ಲಿ ಅವನಿದ್ದ 'ಸೀಹಾರ್ಸ್' ಪಶ್ಚಿಮ ಕರಾವಳಿಯ ಬಳಿ ಹೈದರಾಲಿಯ ಹಡಗುಗಳೊಡನೆ ಕಾದಿತ್ತು. ನೆಲ್ಸನ್ ಕಂಡ ಮೊದಲ ಗುಂಡಿನ ಕಾಳಗ ಅದೇ. ಮರುವರ್ಷ ಮಲೇರಿಯಾ ಬಡಿದು ಅವನನ್ನು ಊರಿಗೆ ಕಳುಹಿಸಬೇಕಾಯಿತು.

ಲೋಸ್ಟಾಫ್ ಜಮೈಕಾಕ್ಕೆ ಹೊರಟಿತು, ಚಿತ್ರ ಅರ್ಧಕ್ಕೇ ನಿಂತಿತು. ಇಪ್ಪತ್ತರ ಪ್ರಾಯದಲ್ಲೇ ನೆಲ್ಸನ್ ಕ್ಯಾಪ್ಟನ್ ಆದ. 1780ರಲ್ಲಿ ನಿಕರಾಗುವಾದ ಸ್ಯಾನ್ ಹುವಾನ್ ನದಿಯಗುಂಟ ಸ್ಪೇನಿನ ಕೋಟೆಯತ್ತ ದೋಣಿಗಳು ಸಾಗಿದಾಗ ದಾರಿ ತೋರಿದವರಲ್ಲಿ ಅವನೇ ಮುಂದಿದ್ದ. ಕೋಟೆ ಏಪ್ರಿಲ್ ಕೊನೆಗೆ ಶರಣಾಯಿತು. ಆದರೆ ಅದನ್ನು ನೋಡಲು ಅವನಿರಲಿಲ್ಲ. ಹೊಸ ಹಡಗಿನ ಅಪ್ಪಣೆ ಬಂದು, ರಕ್ತಭೇದಿಯಿಂದ ಹಣ್ಣಾಗಿ ಕರಾವಳಿಗೆ ಮರಳಿದ್ದ. ಅವನು ಬಿಟ್ಟುಬಂದ 'ಹಿಂಚಿನ್‌ಬ್ರೂಕ್'ನ ಸುಮಾರು 200 ಮಂದಿಯಲ್ಲಿ ಬಹುಪಾಲು ಜ್ವರ, ಭೇದಿಗಳಿಗೆ ಬಲಿಯಾದರು.

ಬಾತ್ ಪಟ್ಟಣದಲ್ಲಿ ಚೇತರಿಸಿಕೊಳ್ಳುತ್ತಿದ್ದಾಗ ನೆಲ್ಸನ್ ಲಾಕರ್‌ಗೆ ಕಾಗದ ಬರೆದ: ಆ ಚಿತ್ರ ಈಗ ತನ್ನನ್ನು ಹೋಲುವುದೇ ಇಲ್ಲ, ಒಂದಿಷ್ಟು ಚೆಲುವು ಸೇರಿಸಲು ರಿಗೊಗೆ ಹೇಳಿ, ಸುಧಾರಿಸೀತು ಎಂದು. ರಿಗೊ ಹಳೆಯದರ ಮೇಲೆಯೇ ಹೊಸದನ್ನು ಬರೆದ. ಕೆನ್ನೆ ಇಳಿಯಿತು, ಸಮವಸ್ತ್ರ ಕ್ಯಾಪ್ಟನ್‌ನದಾಯಿತು, ಕೈಗಳು ಕತ್ತಿಯ ಹಿಡಿಯ ಮೇಲೆ ನಿಂತವು, ಹಿನ್ನೆಲೆಯಲ್ಲಿ ಸ್ಯಾನ್ ಹುವಾನ್ ಕೋಟೆ ಎದ್ದಿತು. ಅದನ್ನು ಗೆಲುವಿನ ಗುರುತೆಂದು ಸೇರಿಸಿದ್ದು ಸಹಜವೇ. ಆದರೆ ಅದರ ಸುತ್ತ ಸತ್ತ ನಾವಿಕರ ಸುಳಿವೂ ಚಿತ್ರದಲ್ಲಿಲ್ಲ ಎಂಬುದು ನೋಯಿಸುತ್ತದೆ. ದುಂಡು ಮುಖದ ಲೆಫ್ಟಿನೆಂಟ್ ಎಕ್ಸ್-ರೇಯಲ್ಲಿ ಮಾತ್ರ ಈಗ ಕಾಣಸಿಗುತ್ತಾನೆ. ಕಡಲ ಬದುಕು ಸೋಲಿಸುವ ಮೊದಲಿನ ಅವನ ಮುಖ ಬಣ್ಣದಡಿ ಹೂತುಹೋದದ್ದು ದೊಡ್ಡ ನಷ್ಟವೇ.

ತನ್ನ ಕೈಕೆಳಗೆ ದುಡಿದ ಅಧಿಕಾರಿಗಳ ಭಾವಚಿತ್ರ ಕೂಡಿಡುವುದು ಲಾಕರ್‌ನ ಅಕ್ಕರೆಯ ಹವ್ಯಾಸವಾಗಿತ್ತು. ಗ್ರೀನಿಚ್ ನಾವಿಕರ ಆಸ್ಪತ್ರೆಯ ಉಪ ಗವರ್ನರ್ ಆದ ಮೇಲೆ ಅಲ್ಲೊಂದು ನೌಕಾ ಚಿತ್ರಶಾಲೆ ಬೇಕೆಂದು ಅವನು ಸೂಚಿಸಿದ್ದ. ಅವನು 1800ರಲ್ಲಿ ತೀರಿಕೊಂಡ. ಮಗ ಎಡ್ವರ್ಡ್ ಹಾಕ್ ಲಾಕರ್ 1820ರ ದಶಕದಲ್ಲಿ ಅದನ್ನು ಆಸ್ಪತ್ರೆಯ ಚಿತ್ರಿತ ಸಭಾಂಗಣದಲ್ಲಿ ತೆರೆಸಿದ.