ಬಿಜಾಪುರ ಸೀಮೆಯ ರೈತಸಾಲವೂ ಸರಕಾರದ ಋಣಪರಿಹಾರವೂ

೨೦೧೪ರಿಂದ ವಿಜಯಪುರವೆಂದು ಕರೆಯಲ್ಪಡುವ ಬಿಜಾಪುರ ಸೀಮೆಯಲ್ಲಿ ಆರ್ಥಿಕ ವಿಪತ್ತು ಹೊಲದಲ್ಲಿ ಹುಟ್ಟಿ ಪೇಟೆಗೆ ಬರುತ್ತದೆ. ಡೋಣಿ ಹೊಳೆಯ ಎರೆಭೂಮಿ ಬೆಳೆದರೆ ಓಣಿಯೆಲ್ಲ ಜೋಳವಾಗುವುದೆಂಬ ಗಾದೆಯ ಮಾತು ಅಲ್ಲಿ ಪ್ರಸಿದ್ಧವಾಗಿದೆ. ಆದರೆ ಮುಂಗಾರು ಹಿಂಗಾರುಗಳೆರಡೂ ತಪ್ಪಿದ ವರ್ಷ ಬಬಲೇಶ್ವರ, ತಿಕೋಟಾಗಳ ಒಕ್ಕಲಿಗನ ಸಾಲ ತೀರದು. ಅದು ತೀರದಿದ್ದರೆ ಊರಿನ ಸಹಕಾರಿ ಸಂಘವೂ ನಗರದ ಅಡತಿ ಅಂಗಡಿಯೂ ಇಕ್ಕಟ್ಟಿಗೆ ಸಿಲುಕುವುವು. ಆಗ ಸರಕಾರವು ಕೈನೀಡಬೇಕೆಂಬುದರಲ್ಲಿ ರಾಜಕೀಯ ಪಕ್ಷಗಳಿಗೆ ಭಿನ್ನಾಭಿಪ್ರಾಯವಿಲ್ಲ. ವಿಚಾರಿಸತಕ್ಕ ಸಂಗತಿಯೆಂದರೆ, ಬಿಟ್ಟ ಸಾಲದ ನಷ್ಟವನ್ನು ಹೊರುವವರು ಯಾರು ಎಂಬುದು.

ಈ ದೃಷ್ಟಿಯಿಂದ ನೋಡಿದರೆ ಸರಕಾರದ ಸಹಾಯದಲ್ಲಿ ಮೂರು ಬಗೆಗಳು ಕಂಡುಬರುತ್ತವೆ.

ಮೊದಲನೆಯದು ತಗಾವಿ. ಬಲಗೊಳಿಸುವುದು ಎಂಬ ಅರ್ಥದ ಅರಬ್ಬೀ ಧಾತುವಿನಿಂದ ಈ ಶಬ್ದವು ಬಂದಿದೆ. ೧೮೭೬-೭೮ರ ಮಹಾಕ್ಷಾಮದ ತರುವಾಯ ೧೮೮೩ ಮತ್ತು ೧೮೮೪ರ ಕಾನೂನುಗಳು ಬಾವಿ, ಒಡ್ಡು, ಎತ್ತು, ಬೀಜಗಳಿಗಾಗಿ ಸರಕಾರವು ರೈತನಿಗೆ ಸಾಲಕೊಡುವ ಪದ್ಧತಿಯನ್ನು ಕ್ರಮಪಡಿಸಿದುವು. ಇಲ್ಲಿ ನಷ್ಟವು ಯಾರದೂ ಅಲ್ಲ. ರೈತನು ಹಣವನ್ನು ಹಿಂದಿರುಗಿಸಲೇಬೇಕು.

ಎರಡನೆಯದು ಕಾನೂನಿನಿಂದ ಸಾಲವನ್ನು ತಗ್ಗಿಸುವುದು ಅಥವಾ ರದ್ದುಮಾಡುವುದು. ೧೮೭೫ರಲ್ಲಿ ಪುಣೆ, ಅಹಮದನಗರ ಜಿಲ್ಲೆಗಳ ರೈತರು ಸಾಹುಕಾರರ ಮೇಲೆ ದಂಗೆಯೆದ್ದು ಸಾಲಪತ್ರಗಳನ್ನು ಸುಟ್ಟರು. ಅದರ ಫಲವಾಗಿ ೧೮೭೯ರ ದಖ್ಖನ್ ಒಕ್ಕಲಿಗರ ಪರಿಹಾರದ ಕಾನೂನು ಹುಟ್ಟಿತು. ಆ ಎರಡು ಜಿಲ್ಲೆಗಳಲ್ಲಿಯೂ ಸಾತಾರೆಯಲ್ಲಿಯೂ ಬಿಜಾಪುರದ ನೆರೆಯ ಸೊಲ್ಲಾಪುರದಲ್ಲಿಯೂ ಅದು ಮೊದಲು ಜಾರಿಗೆ ಬಂದಿತು. ಸಾಲದ ಪೂರ್ವವೃತ್ತಾಂತವನ್ನು ಶೋಧಿಸಿ ಬಡ್ಡಿಯನ್ನು ತಗ್ಗಿಸುವ ಅಧಿಕಾರವು ಅದರಿಂದ ನ್ಯಾಯಾಲಯಕ್ಕೆ ದೊರೆಯಿತು. ೧೯೩೭ರಲ್ಲಿ ಮುಂಬಯಿ ಪ್ರಾಂತದಲ್ಲಿ ಅಧಿಕಾರಕ್ಕೆ ಬಂದ ಬಾ. ಗಂ. ಖೇರರ ಕಾಂಗ್ರೆಸ್ ಮಂತ್ರಿಮಂಡಲವು ೧೯೩೯ರಲ್ಲಿ ಸಾಲಹೊಂದಾಣಿಕೆಯ ಮಂಡಲಿಗಳನ್ನು ಏರ್ಪಡಿಸುವ ಕಾನೂನನ್ನು ಮಾಡಿತು. ದೇವರಾಜ ಅರಸರ ಕಾಲದ ೧೯೭೬ರ ಋಣಪರಿಹಾರ ಕಾನೂನೂ, ೨೦೧೯ರಲ್ಲಿ ಜಾರಿಗೆ ಬಂದ ೨೦೧೮ರ ಕಾನೂನೂ ಇದೇ ವರ್ಗಕ್ಕೆ ಸೇರಿದುವು. ಇವುಗಳಲ್ಲಿ ನಷ್ಟವು ಖಾಸಗಿ ಸಾಹುಕಾರನದು.

ಮೂರನೆಯದು ಇಂದು ‘ಸಾಲಮನ್ನಾ’ ಎಂದು ಪರಿಚಿತವಾದುದು. ಇಲ್ಲಿ ಸಾಲಕೊಟ್ಟ ಬ್ಯಾಂಕಿಗೆ ಅಥವಾ ಸಂಘಕ್ಕೆ ಸರಕಾರವೇ ಹಣ ತುಂಬುತ್ತದೆ. ನಷ್ಟವು ಬೊಕ್ಕಸದ್ದು, ಎಂದರೆ ಸಮಸ್ತ ತೆರಿಗೆದಾರರದು. ವಿ. ಪಿ. ಸಿಂಗರ ಸರಕಾರವು ೧೯೯೦ರಲ್ಲಿ ೧೦,೦೦೦ ರೂಪಾಯಿಗಳ ವರೆಗೆ ಸಾಲಬಿಟ್ಟಿತು. ೨೦೦೮ರಲ್ಲಿ ಕಾಂಗ್ರೆಸ್ ಮುಂದಾಳುತನದ ಕೇಂದ್ರ ಸರಕಾರವೂ, ೨೦೧೨ರಲ್ಲಿ ಭಾರತೀಯ ಜನತಾ ಪಕ್ಷದ ಜಗದೀಶ ಶೆಟ್ಟರರೂ, ೨೦೧೭ರಲ್ಲಿ ಕಾಂಗ್ರೆಸ್ಸಿನ ಸಿದ್ಧರಾಮಯ್ಯನವರೂ ಅದೇ ದಾರಿ ಹಿಡಿದರು. ೨೦೧೮ರ ಚುನಾವಣೆಯಲ್ಲಿ ಜನತಾದಳವು ಪೂರ್ಣಮನ್ನಾದ ವಚನವಿತ್ತರೆ ಭಾರತೀಯ ಜನತಾ ಪಕ್ಷವು ಒಂದು ಲಕ್ಷದ ವಚನವಿತ್ತಿತು. ತರುವಾಯ ಕುಮಾರಸ್ವಾಮಿಯವರ ಸಂಮಿಶ್ರ ಸರಕಾರವು ೩೪,೦೦೦ ಕೋಟಿ ರೂಪಾಯಿಗಳ ಯೋಜನೆಯನ್ನು ಸಾರಿತು. ಹೀಗೆ ಪಕ್ಷಗಳೊಳಗಣ ಭೇದವು ತತ್ತ್ವದಲ್ಲಿರದೆ ಮಿತಿಯಲ್ಲಿಯೂ ಸಂಸ್ಥೆಯಲ್ಲಿಯೂ ಇದೆ: ೨೦೧೨ ಮತ್ತು ೨೦೧೭ರ ಪರಿಹಾರವು ಸಹಕಾರಿ ಸಾಲಕ್ಕೆ, ಕ್ರಮವಾಗಿ ೨೫,೦೦೦ ಮತ್ತು ೫೦,೦೦೦ ರೂಪಾಯಿಗಳ ವರೆಗೆ ಸೀಮಿತವಾಗಿದ್ದಿತು, ೨೦೧೮ರದು ರಾಷ್ಟ್ರೀಕೃತ ಬ್ಯಾಂಕುಗಳ ಬೆಳೆಸಾಲಕ್ಕೂ ಹಬ್ಬಿತು.

ಈ ಮಿತಿಗಳು ಒಣಸೀಮೆಗೆ ಎಷ್ಟರಮಟ್ಟಿಗೆ ಒಪ್ಪುವುವು? ೨೦೦೮ರ ಯೋಜನೆಯು ಐದು ಎಕರೆಯ ವರೆಗಿನ ಹಿಡುವಳಿದಾರನಿಗೆ ಪೂರ್ಣಮನ್ನಾವನ್ನೂ, ಅದಕ್ಕೆ ಮೇಲ್ಪಟ್ಟವನು ಉಳಿದ ಮುಕ್ಕಾಲು ಪಾಲನ್ನು ಕಟ್ಟಿದರೆ ಸಾಮಾನ್ಯವಾಗಿ ಕಾಲುಭಾಗದ ರಿಯಾಯಿತಿಯನ್ನೂ ವಿಧಿಸಿತು. ಕಾಲುವೆಯ ನೀರುಂಡ ಐದು ಎಕರೆಯೂ ಬಬಲೇಶ್ವರದ ಮಳೆಯಾಶ್ರಿತ ಹತ್ತು ಎಕರೆಯೂ ಕೊಡುವ ಆದಾಯವನ್ನು ಹೋಲಿಸಿದರೆ, ಎಕರೆಯ ಅಳತೆಯು ಬಡತನದ ಅಳತೆಯಲ್ಲವೆಂಬುದು ಸ್ಪಷ್ಟವಾಗುತ್ತದೆ. ತಿಕೋಟಾದ ದ್ರಾಕ್ಷಿ ಬೆಳೆಗಾರನ ಸ್ಥಿತಿ ಬೇರೆ. ಚಪ್ಪರ, ಕೊಳವೆಬಾವಿ, ಹನಿನೀರಾವರಿಗಳಿಗಾಗಿ ಅವನು ತಂದದ್ದು ದೀರ್ಘಾವಧಿಯ ಸಾಲ. ಬೆಳೆಸಾಲದ ಮನ್ನಾ ಅದನ್ನು ಮುಟ್ಟುವುದಿಲ್ಲ. ಇನ್ನು ಪಹಣಿಯಲ್ಲಿ ಹೆಸರಿಲ್ಲದೆ ಲಾವಣಿಗೆ ಮಾಡುವವನು ಬ್ಯಾಂಕಿನ ಮೆಟ್ಟಿಲನ್ನೇ ಹತ್ತಿರುವುದಿಲ್ಲ. ಅವನ ಋಣವು ಸಾಹುಕಾರನಲ್ಲಿರುವುದರಿಂದ ಮೂರನೆಯ ಬಗೆಯ ಸಹಾಯವು ಅವನಿಗೆ ಇಲ್ಲವೇ ಇಲ್ಲ. ೨೦೦೮ರ ಯೋಜನೆಯಲ್ಲಿ ಅರ್ಹರು ಕೆಲವರು ಬಿಟ್ಟುಹೋದರೆಂದೂ ಅನರ್ಹರು ಕೆಲವರು ಸೇರಿದರೆಂದೂ ಭಾರತದ ಲೆಕ್ಕಪರಿಶೋಧನಾಧಿಕಾರಿಗಳು ೨೦೧೩ರಲ್ಲಿ ತೋರಿಸಿದರು.

ಆದರೂ ಮನ್ನಾವು ವ್ಯರ್ಥವೆಂದು ಹೇಳಲಾಗದು. ಬಾಕಿದಾರನೆಂಬ ಹೆಸರು ಅಳಿದ ರೈತನು ಮುಂದಿನ ಬಿತ್ತನೆಗೆ ಸಂಘದಿಂದ ಹೊಸ ಸಾಲ ಪಡೆಯಬಲ್ಲನು; ಅದರ ಮುಖ್ಯ ಪ್ರಯೋಜನವಿದು. ಆ ಪ್ರಯೋಜನವು ಬೊಕ್ಕಸದ ಹಣ ಸಕಾಲದಲ್ಲಿ ಸಂಘಕ್ಕೆ ತಲುಪುವುದನ್ನು ಅವಲಂಬಿಸಿದೆ. ಹಣ ತಡವಾದರೆ ಕಾಗದದ ಮೇಲೆ ಸಾಲಮುಕ್ತನಾದವನು ಹದ ತಪ್ಪುವ ಮುನ್ನ ಬೀಜಕ್ಕಾಗಿ ಮತ್ತೆ ಸಾಹುಕಾರನ ಬಾಗಿಲಿಗೇ ಹೋಗಬೇಕಾಗುತ್ತದೆ. ಆದುದರಿಂದ ಯಾವ ಪಕ್ಷದ ಪ್ರಕಟಣೆಯನ್ನೇ ಆಗಲಿ ಪರಾಮರ್ಶಿಸುವಾಗ, ಮೊತ್ತಕ್ಕಿಂತ ಮೊದಲು ಯಾರ ಸಾಲ, ಯಾರ ನಷ್ಟ, ಯಾವ ಬಿತ್ತನೆಯೊಳಗೆ ಎಂಬ ಮೂರನ್ನು ನೋಡತಕ್ಕದ್ದು.