ಎಷ್ಟು ಸವೆದಿದೆ? ಶಾಸನದ ಎರಡು ಸ್ಕ್ಯಾನ್‌ಗಳನ್ನು ಹೊಂದಿಸಿ ನೋಡುವುದು

ಪಡಿಯಚ್ಚು ಅಕ್ಷರದ ಆಕಾರ ಕೊಡುತ್ತದೆ, ಆಳ ಕೊಡುವುದಿಲ್ಲ. ಹಾಗಾಗಿ ರೈಸ್ ಅವರ ಕಾಲದಿಂದ ಈವರೆಗೆ ಒಂದು ಕಲ್ಲು ಎಷ್ಟು ಸವೆದಿದೆ ಅಂತ ಹಳೆಯ ಅಚ್ಚು ಹಿಡಿದು ಅಳೆಯೋಕೆ ಆಗಲ್ಲ. 3ಡಿ ಸ್ಕ್ಯಾನ್‌ನಿಂದ ಅದು ಸಾಧ್ಯ. ಬೆಂಗಳೂರಿನ ಮಿಥಿಕ್ ಸೊಸೈಟಿ ಈ ಭಾಗದ ಶಾಸನಗಳನ್ನು ಸ್ಕ್ಯಾನ್ ಮಾಡಿ ಇಡುತ್ತಿರುವುದರಿಂದ ಮುಂದೆ ಹೋಲಿಸಲು ನಮಗೊಂದು ಮೊದಲ ಅಳತೆಯೂ ಸಿಕ್ಕಿದೆ.

ಆದರೆ ಎರಡು ಸ್ಕ್ಯಾನ್‌ಗಳು ತಾವಾಗಿ ಒಂದರ ಮೇಲೊಂದು ಕೂರುವುದಿಲ್ಲ. ಮೊದಲು ಎರಡರಲ್ಲೂ ಕಾಣುವ ಮೂರು ನಾಲ್ಕು ಗುರುತು (ಬಿರುಕಿನ ತುದಿ, ಅಕ್ಷರದ ಮೂಲೆ) ಆರಿಸಿ ಒರಟಾಗಿ ಹೊಂದಿಸಬೇಕು. ಆಮೇಲೆ ಐಸಿಪಿ ಎಂಬ ಲೆಕ್ಕ. ಬೆಸ್ಲ್ ಮತ್ತು ಮೆಕೆ 1992ರಲ್ಲಿ ವಿವರಿಸಿದ ಈ ವಿಧಾನ ಒಂದು ಸ್ಕ್ಯಾನ್‌ನ ಪ್ರತಿ ಬಿಂದುವಿಗೂ ಇನ್ನೊಂದರಲ್ಲಿ ಅತಿ ಹತ್ತಿರದ ಬಿಂದು ಹುಡುಕುತ್ತದೆ, ಒಟ್ಟು ಅಂತರ ಕಡಿಮೆಯಾಗುವಂತೆ ಸ್ಕ್ಯಾನನ್ನು ಸರಿಸಿ ತಿರುಗಿಸುತ್ತದೆ, ಮತ್ತೆ ಹುಡುಕುತ್ತದೆ. ಉಚಿತವಾಗಿ ಸಿಗುವ ಕ್ಲೌಡ್‌ಕಂಪೇರ್‌ನಲ್ಲಿ ಇದು ಒಂದು ಬಟನ್ ಒತ್ತುವಷ್ಟು ಸುಲಭ.

ಮೋಸ ಹೋಗುವುದೂ ಇಲ್ಲೇ. ಶಾಸನದ ಮುಖವೆಲ್ಲ ಸಮನಾಗಿ 0.3 ಮಿ.ಮೀ. ಸವೆದಿದೆ ಎಂದಿಟ್ಟುಕೊಳ್ಳಿ. ಆ ಮುಖವನ್ನೇ ಕೊಟ್ಟು ಹೊಂದಿಸಿದ್ರೆ ಐಸಿಪಿ ಹೊಸ ಸ್ಕ್ಯಾನನ್ನು 0.3 ಮಿ.ಮೀ. ಮುಂದಕ್ಕೆ ತಳ್ಳಿಬಿಡುತ್ತದೆ. ಸವೆತ ಸೊನ್ನೆ! ಅರ್ಧ ಭಾಗ ಮಾತ್ರ ಸವೆದಿದ್ರೆ ಇನ್ನೂ ವಿಚಿತ್ರ: ಏನೂ ಆಗದ ಅರ್ಧ ಉಬ್ಬಿದ ಹಾಗೆ ಕಾಣುತ್ತದೆ. ಕಲ್ಲು ಬೆಳೆಯುತ್ತಾ? ಇಲ್ಲ, ತಪ್ಪನ್ನು ಎರಡು ಕಡೆಗೂ ಹಂಚಲಾಗಿದೆ ಅಷ್ಟೆ. ಅದಕ್ಕೇ ಬದಲಾಗದ ಭಾಗಗಳನ್ನು ಮಾತ್ರ ಹೊಂದಾಣಿಕೆಗೆ ಬಳಸಬೇಕು: ಮಳೆ ತಾಗದ ಹಿಂಬದಿ, ಯಾರೂ ಕೈಯಾಡಿಸದ ಅಂಚು. ನಮ್ಮಲ್ಲಿ ಕಲ್ಲುಗಳನ್ನು ಹೊಲದಿಂದ ಗುಡಿಗೆ, ಗುಡಿಯಿಂದ ಕಟ್ಟೆಗೆ ಸಾಗಿಸುವುದು ಮಾಮೂಲು. ಹಾಗಾಗಿ ಸುತ್ತಲಿನ ನೆಲವನ್ನು ನಂಬುವಂತಿಲ್ಲ. ಮೊದಲ ಸಲವೇ ಹಿಂಬದಿ, ಪಕ್ಕಗಳನ್ನೂ ಸ್ಕ್ಯಾನ್ ಮಾಡಿರಬೇಕು. ಅಕ್ಷರ ಇರುವ ಮುಖ ಸಾಕು ಅಂತ ಬಿಟ್ಟಿದ್ದರೆ ಆಮೇಲೆ ಸರಿಪಡಿಸಲು ದಾರಿಯೇ ಇಲ್ಲ.

ಫೋಟೊಗಳಿಂದ ಕಟ್ಟಿದ ಮಾದರಿಯಾದರೆ ಅಳತೆಪಟ್ಟಿ ಜೊತೆಗಿಟ್ಟೇ ಚಿತ್ರ ತೆಗೆಯಬೇಕು. ಒಂದು ಮೀಟರ್ ಎತ್ತರದ ಕಲ್ಲಿನಲ್ಲಿ ಶೇ. 0.1 ತಪ್ಪಾದರೂ ಒಂದು ಮಿ.ಮೀ. ಹೋಯಿತು.

ಇನ್ನು ಬಣ್ಣದ ನಕ್ಷೆ ನೋಡಿ ಗಾಬರಿಯಾಗುವ ಮುನ್ನ ಒಂದು ಲೆಕ್ಕ. ಎರಡೂ ಸ್ಕ್ಯಾನ್‌ಗಳ ಅನಿಶ್ಚಿತತೆ ತಲಾ 0.1 ಮಿ.ಮೀ., ಹೊಂದಾಣಿಕೆಯದು 0.2 ಆಗಿದ್ದರೆ, ವರ್ಗಗಳನ್ನು ಕೂಡಿ ವರ್ಗಮೂಲ ತೆಗೆದಾಗ ಸುಮಾರು 0.245. ಶೇ. 95 ಭರವಸೆಗೆ 1.96ರಿಂದ ಗುಣಿಸಿದರೆ 0.48 ಮಿ.ಮೀ. ಅದಕ್ಕಿಂತ ಕಡಿಮೆ ಬದಲಾವಣೆ ಕಂಡರೆ ‘ಸವೆದಿದೆ’ ಅನ್ನುವ ಹಕ್ಕು ನಮಗಿಲ್ಲ. ‘ಸವೆದಿಲ್ಲ’ ಅನ್ನುವ ಹಕ್ಕೂ ಇಲ್ಲ. ಗಟ್ಟಿಯಾದ ಗ್ರಾನೈಟ್‌ನಲ್ಲಿ ಕೆಲವೇ ವರ್ಷಗಳಲ್ಲಿ ಅಷ್ಟು ಸವೆತ ನಿರೀಕ್ಷಿಸುವುದೇ ಕಷ್ಟ. ಮೆದುವಾದ ಬಳಪದ ಕಲ್ಲು, ಪದರ ಏಳುವ ಮರಳುಗಲ್ಲುಗಳ ಕಥೆ ಬೇರೆ.

ಒಂದು ಮಾತು ಬಿಟ್ಟುಹೋಗಿತ್ತು. ನಕ್ಷೆಯಲ್ಲಿ ನಿಜವಾಗಿಯೂ ಉಬ್ಬು ಕಂಡರೆ ಮೊದಲು ಕಲ್ಲಿನ ಹತ್ತಿರ ಹೋಗಿ ನೋಡಿ. ಸುಣ್ಣ, ಪೇಂಟ್, ಎಣ್ಣೆ ಮೆತ್ತಿದ ಕುಂಕುಮ, ಕೆಲವೊಮ್ಮೆ ಪಾಚಿ ಇರುತ್ತದೆ. ಎರಡೂ ಸಲ ಕಲ್ಲು ಯಾವ ಸ್ಥಿತಿಯಲ್ಲಿತ್ತು ಎಂಬ ಫೋಟೊ ಇದ್ದರೆ ಈ ಗೊಂದಲ ಐದು ನಿಮಿಷದಲ್ಲಿ ಮುಗಿಯುತ್ತದೆ.